ದುಡ್ಡಿಲ್ಲ ಅನ್ನೋದು ಯಾರಿಗೆ?

ಹಳೇದು ಕೊಳ್ಳೋದ್ರಲ್ಲಿ ಅವಮಾನ ಏನಿಲ್ಲ ಗೆಳೆಯರೇ. ಹಾಸ್ಟೆಲ್‌ನಲ್ಲಿದ್ದು ಬಿಎ ಓದುವಾಗ ನನ್ನ ಪುಸ್ತಕಗಳೆಲ್ಲ ಸೆಕೆಂಡ್ ಹ್ಯಾಂಡೇ.

ಅರ್ಜೆಂಟೀನಾ 2015ರಲ್ಲಿ ತನ್ನ ಮಿರಾಜ್ ಯುದ್ಧವಿಮಾನಗಳನ್ನು ನಿವೃತ್ತಿ ಮಾಡಿತ್ತು. 2024ರ ಏಪ್ರಿಲ್‌ನಲ್ಲಿ ಡೆನ್ಮಾರ್ಕ್ ಬಳಸಿದ 24 ಎಫ್-16 ಕೊಳ್ಳೋಕೆ ಸಹಿ ಹಾಕಿತು. ಬೆಲೆ ಸುಮಾರು 30 ಕೋಟಿ ಡಾಲರ್. ದೇಶಕ್ಕೆ ರಕ್ಷಣೆ ಬೇಕು, ಒಪ್ತೀನಿ.

ಆದ್ರೆ ಅಧ್ಯಕ್ಷ ಮಿಲೇಯ್ ಅಧಿಕಾರಕ್ಕೆ ಬಂದ ದಿನವೇ ‘ದುಡ್ಡಿಲ್ಲ’ ಅಂದಿದ್ರು. 1949ರಿಂದ ಶುಲ್ಕವಿಲ್ಲದೆ ಕಲಿಸ್ತಿರೋ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕರೆಂಟ್ ಬಿಲ್ ಕಟ್ಟೋದೂ ಕಷ್ಟವಾಯ್ತು. ವಿಮಾನಕ್ಕೆ ಸಹಿ ಬಿದ್ದ ಒಂದೇ ವಾರಕ್ಕೆ, ಏಪ್ರಿಲ್ 23ರಂದು, ಲಕ್ಷಾಂತರ ವಿದ್ಯಾರ್ಥಿಗಳು, ಮೇಷ್ಟ್ರುಗಳು ಬೀದಿಗಿಳಿದ್ರು.

ಗುಮಾಸ್ತನಾಗಿ ದಿನಾ ನೋಡ್ತೀನಿ: ಮೇಲಿಟ್ಟ ಫೈಲಿಗೆ ದುಡ್ಡು ಹುಟ್ಟುತ್ತೆ. ಬಡವರ ಮಕ್ಕಳ ಓದಿನ ಫೈಲು ಎಲ್ಲಾ ದೇಶದಲ್ಲೂ ಅಡಿಯಲ್ಲೇ ಇರುತ್ತೆ. ಅದನ್ನ ಮೇಲಕ್ಕೆ ತರೋಕೇ ಅವರು ಬೀದಿಗೆ ಬಂದಿದ್ದು.

ಜೈ ಭೀಮ್.