ಹನ್ನೆರಡರಲ್ಲಿ ಒಂದು ಪಾಲು

ಬೆಂಗಳೂರಿನ ಒಂದು ಕಮ್ಮಟದಲ್ಲಿ ನಾಲ್ಕು ಭಾನುವಾರ ಕೂತು, ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯ ಅಡುಗೆಕೋಣೆಯನ್ನು ಮತ್ತೆ ಕಟ್ಟಿದೆ. ಉದ್ದ 14 ಇಂಚು, ಅಗಲ 10. ನಿಜದ ಮನೆ ಈಗಿಲ್ಲ.

ಗೊಂಬೆಮನೆ ಕಟ್ಟುವವರು ಹೆಚ್ಚಾಗಿ ನೆಚ್ಚುವ ಅಳತೆ 1:12. ಅಡಿಗೆ ಒಂದು ಇಂಚು. ನವದೆಹಲಿಯನ್ನು ರೂಪಿಸಿದ ಲಟ್ಯೆನ್ಸ್ ಇಂಗ್ಲೆಂಡಿನ ರಾಣಿ ಮೇರಿಗಾಗಿ ವಿನ್ಯಾಸ ಮಾಡಿದ, 1924ರಲ್ಲಿ ಮುಗಿದ ಗೊಂಬೆಮನೆಯೂ ಇದೇ ಅಳತೆಯದು. ಅದರ ನಲ್ಲಿಗಳಲ್ಲಿ ನೀರು ಬರುತ್ತಿತ್ತು. ನನಗೆ ನಲ್ಲಿ ಬೇಕಿರಲಿಲ್ಲ. ಒಲೆ, ಕಡೆಗೋಲು, ನೆಲುವು, ಗೋಡೆಯಲ್ಲೊಂದು ದೀಪದ ಗೂಡು ಸಾಕಿತ್ತು.

ಆದರೆ ಅಳೆಯಲು ಗೋಡೆಯೇ ಇಲ್ಲವಲ್ಲ! ದೊಡ್ಡಮ್ಮನಿಗೆ ಫೋನು ಮಾಡಿದೆ.

"ದೊಡ್ಡಮ್ಮ, ದೀಪದ ಗೂಡು ಎಷ್ಟು ಎತ್ತರದಲ್ಲಿತ್ತು?"

"ಕೂತು ಮಜ್ಜಿಗೆ ಕಡೆಯುವಾಗ ನನ್ನ ಕಿವಿಮಟ್ಟಕ್ಕೆ ಬರ್ತಿತ್ತು ಮಾರಾಯ್ತಿ. ಒಂದು ಮೊಳದ ಮೇಲೆ ಒಂದು ಗೇಣು ಇಟ್ಕೋ."

ಮೊಳಕ್ಕೆ 18 ಇಂಚು, ಗೇಣಿಗೆ 9. ಹನ್ನೆರಡರಿಂದ ಭಾಗಿಸಿದರೆ ಎರಡೂಕಾಲು ಇಂಚು. ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದಾಗ, ಅವರು ಕೂತಿದ್ದ ಜಾಗ ನನಗೆ ಕಂಡಿತು.

ವಸ್ತುವನ್ನು ಕುಗ್ಗಿಸಬಹುದು, ಅದರ ಸ್ವಭಾವ ಕುಗ್ಗುವುದಿಲ್ಲ. ದಪ್ಪ ಎಳೆಯ ಮರದಲ್ಲಿ ಪುಟ್ಟ ಬಾಗಿಲು ಮಾಡಿದರೆ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಚನ್ನಪಟ್ಟಣದ ಗೊಂಬೆಗಳ ನಯವಾದ ಹಾಲೆಮರವನ್ನು ಆರಿಸಿಕೊಂಡೆ. ಗಳುವಿನ ಮೇಲಿನ ಸೀರೆಯಂತೂ ಇಳಿಬೀಳದೆ ರಟ್ಟಿನಂತೆ ಸೆಟೆದು ನಿಂತಿತು. ಅಷ್ಟು ಚಿಕ್ಕ ಬಟ್ಟೆಗೆ ತನ್ನನ್ನು ಕೆಳಗೆಳೆಯುವ ಭಾರವಿರುವುದಿಲ್ಲ. ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ನೆರಿಗೆ ನೆರಿಗೆಗೂ ಗುಂಡುಸೂಜಿ ಚುಚ್ಚಿ ರಾತ್ರಿಯಿಡೀ ಒಣಗಿಸಿದೆ. ಕಾವಿನೆಲಕ್ಕೆ ಐದು ಸಲ ಬಣ್ಣ ಬಳಿದು, ಪ್ರತಿ ಸಲವೂ ಉಪ್ಪುಕಾಗದದಿಂದ ಉಜ್ಜಿದೆ. ಕೊನೆಗೆ ಇದ್ದಿಲಪುಡಿಯಿಂದ ಇಲ್ಲಣ ಹಚ್ಚಿದೆ: ಒಲೆಯ ನೆತ್ತಿಯಲ್ಲಿ ಕಡುಕಪ್ಪು, ಕಿಟಕಿಯತ್ತ ಬರಬರುತ್ತಾ ತೆಳು. ಹೊಗೆ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿತ್ತೆಂದು ಆ ಮನೆಯಲ್ಲಿ ಬೆಳೆದ ನಾನು ಎಂದೂ ಯೋಚಿಸಿರಲಿಲ್ಲ. ಕುಂಚ ಹಿಡಿದ ಮೇಲೆ ಆ ಹೊಗೆಯ ಹಿಂದೆಯೇ ನಡೆದೆ. ಈ ಕಸುಬು ನನಗೆ ಪ್ರಿಯವಾದದ್ದು ಅದಕ್ಕೇ. ಅಕ್ಕರೆಯಿದ್ದರಷ್ಟೇ ಸಾಲದು, ಪ್ರೀತಿಸಿದ್ದರ ಅಳತೆಯೂ ಗೊತ್ತಿರಬೇಕು ಎನ್ನುತ್ತದೆ ಅದು.

ದಸರೆಗೆ ದೊಡ್ಡಮ್ಮ ಬಂದರು. ಗೂಡಿನಲ್ಲಿ ಸಾಸಿವೆಯಷ್ಟು ದೀಪ ಹೊತ್ತಿಸಿದೆ. ಮಂಡಿಯೂರಿ, ಕಣ್ಣನ್ನು ಬಾಗಿಲಿನ ಮಟ್ಟಕ್ಕೆ ತಂದು ಬಹಳ ಹೊತ್ತು ನೋಡಿದರು.

"ಕಡೆಗೋಲು ಕಂಬದ ಆಚೆ ಬದಿ ಇರ್ತಿತ್ತು," ಎಂದರು ಮೆಲ್ಲಗೆ.

ಚಿಮಟದಲ್ಲಿ ಹಿಡಿದು ಅದನ್ನು ಸರಿಸಿದೆ. ಗೂಡಿನ ಬೆಳಕು ಈಗ ಸರಿಯಾಗಿ ಅದರ ಮೇಲೆ ಬಿತ್ತು.