ಕಿವಿಗೆ ತಕ್ಕ ಪಾಠ

ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗ ಸಿಂಗಪುರದಲ್ಲಿ ಉದ್ಯೋಗಸ್ಥನು. ಅಲ್ಲಿಯೇ ತೈವಾನ್ ದೇಶದ ಕನ್ಯೆಯೊಬ್ಬಳನ್ನು ವರಿಸಿದನು. ಆ ಕಾಲಕ್ಕೆ ನಮ್ಮ ಮನೆತನದಲ್ಲಿ ನಡೆದ ಮಾತುಕತೆಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹೆಣ್ಣುಕೂಸು ಹುಟ್ಟಿದ ಸುದ್ದಿ ಬಂದೊಡನೆ ಅವೆಲ್ಲ ತಾವಾಗಿಯೇ ಅಡಗಿದವು. ಮೊಮ್ಮಗಳಿಗೆ ಲಿಂಗಧಾರಣೆಯಾಗಬೇಕೆಂಬುದು ತಂಗಿಯ ಒಂದೇ ಹಂಬಲ. ಗುರುಗಳಿಂದ ಲಿಂಗವನ್ನೂ ಶಿವದಾರವನ್ನೂ ಪಡೆದು ಅವಳು ವಿಮಾನವೇರಿದಳು. ಮಗಳ ಬಾಣಂತನಕ್ಕೆಂದು ಬೀಗತಿಯೂ ಅಲ್ಲಿಗೆ ಬಂದಿದ್ದರು. ಇವಳದು ಕನ್ನಡ, ಅವರದು ಚೀನೀ ಜನರ ಮ್ಯಾಂಡರಿನ್ ಭಾಷೆ. ಇಬ್ಬರ ನಡುವೆ ಉಳಿದದ್ದು ಎಂದೋ ಶಾಲೆಯಲ್ಲಿ ಕಲಿತು ಮರೆತ ನಾಲ್ಕಾರು ಇಂಗ್ಲಿಷ್ ಪದಗಳು ಮಾತ್ರ.

ಒಂದು ಮಧ್ಯಾಹ್ನ ಮಗ ಕಚೇರಿಯಲ್ಲಿದ್ದ, ಬಾಣಂತಿ ನಿದ್ರಿಸುತ್ತಿದ್ದಳು. ತಂಗಿ ತನ್ನ ಕೊರಳ ಸುತ್ತ ಬೆರಳಾಡಿಸಿ, ತೊಟ್ಟಿಲ ಕಡೆಗೆ ಕೈಮಾಡಿ, 'ಥರ್ಸ್‌ಡೇ, ಬೇಬಿ, ಟೈ' ಎಂದಳು. ಗುರುವಾರ ಕೂಸಿಗೆ ಲಿಂಗ ಕಟ್ಟುತ್ತೇವೆ ಎಂಬುದು ಅವಳ ಅಭಿಪ್ರಾಯ. ಬೀಗತಿ ಬೆಚ್ಚಿ 'ಡೈ?' ಎಂದರು. ಸಾಯುವುದೇ ಎಂದು ಅವರು ಕೇಳಿದ್ದು. ತಂಗಿಯ ಕಿವಿಗೆ ಮಾತ್ರ ಅದು ತಾನಾಡಿದ 'ಟೈ' ಎಂದೇ ಬಿದ್ದಿತು. 'ಯಸ್, ಯಸ್' ಎಂದು ನಗುತ್ತ ತಲೆಯಾಡಿಸಿದಳು. ಆ ತಾಯಿ ಕೂಸನ್ನೆತ್ತಿಕೊಂಡು ಕೋಣೆಯೊಳಗೆ ಹೋಗಿ ಅಗಳಿ ಹಾಕಿಕೊಂಡರು.

ಸಂಜೆ ಮಗ ಬಂದು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಮನೆಯಲ್ಲಿ ನಗೆ ಎದ್ದಿತಂತೆ. ಆದರೆ ತಂಗಿ ನಗಲಿಲ್ಲ. ಅದೇ ರಾತ್ರಿ ದೂರವಾಣಿಯಲ್ಲಿ ಅಳುತ್ತ, "ಅಣ್ಣಾ, ನಾ ಇನ್ನ ಇವರ ಮುಂದ ಬಾಯಿ ತಗಿಯಂಗಿಲ್ಲ" ಎಂದಳು. ಗುರುವಾರದ ಕಾರ್ಯವನ್ನು ಮುಂದೂಡುವಂತೆ ನಾನೇ ಹೇಳಿದೆ. ಬೀಗತಿಗೆ ತಿಳಿದು, ಮನಸ್ಸೊಪ್ಪಿ, ಅವರೂ ಎದುರಿಗೆ ಕುಳಿತಾಗ ಕಟ್ಟುವುದೇ ಲೇಸೆಂದು ನನಗೆ ತೋರಿತು. ತಂಗಿ ಮರಳಲು ಮೂರು ವಾರಗಳಿದ್ದವು.

ಮರುದಿನ ಅಳಿಯ ಕೇಳಿದ: "ಮಾಮಾ, ನೀವು ಮಠದಾಗ ಉಚ್ಚಾರ ಕಲಿಸಿದವರು. ಇವರಿಬ್ಬರಿಗೂ ಕೇಳಾಕ ಚೊಲೋ ಇಂಗ್ಲಿಷ್ ಪಾಠ ಯಾವುದರ ಆರಿಸಿ ಹೇಳ್ರಿ."

ನನ್ನ ಇಂಗ್ಲಿಷಾದರೂ ಕಿವಿಯಿಂದ ಬಂದದ್ದೇ. 1950ರಲ್ಲಿ ಆರಂಭವಾದ ನಮ್ಮ ಧಾರವಾಡ ಆಕಾಶವಾಣಿಯ ಮುಖಾಂತರ ಬರುತ್ತಿದ್ದ ದೆಹಲಿಯ ಇಂಗ್ಲಿಷ್ ವಾರ್ತೆಯನ್ನು ಹುಡುಗನಾಗಿದ್ದಾಗ ಮಠದ ಪಡಸಾಲೆಯಲ್ಲಿ ಕೇಳಿ, ಗುನುಗುತ್ತಿದ್ದೆ. ಆ ಧೈರ್ಯದ ಮೇಲೆ ಒಪ್ಪಿಕೊಂಡೆ. ಈಗ ಅಂಗೈಯಲ್ಲಿನ ಫೋನಿನಲ್ಲಿ ಇಂಥ ಪಾಠಗಳ ರಾಶಿಯೇ ಇದೆ. ಬಿಬಿಸಿ ಸಂಸ್ಥೆ 1943ರಿಂದಲೇ ರೇಡಿಯೋ ಮೂಲಕ ಇಂಗ್ಲಿಷ್ ಕಲಿಸತೊಡಗಿತ್ತು. ಅದರ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಎಂಬ ಸಂಭಾಷಣೆಗಳು ಅಚ್ಚಿನ ಪಾಠದೊಡನೆ ದೊರೆಯುತ್ತವೆ. ಮೊದಲು ಅವನ್ನೇ ಇಬ್ಬರಿಗೂ ಕಳಿಸಿದೆ. ತಂಗಿಗೆ ಆ ವೇಗ ಹಿಡಿಯಲಿಲ್ಲ. ಬಳಿಕ ವಾಯ್ಸ್ ಆಫ್ ಅಮೇರಿಕಾ 1959ರಲ್ಲಿ ಆರಂಭಿಸಿದ 'ಸ್ಪೆಷಲ್ ಇಂಗ್ಲಿಷ್' ಕಾರ್ಯಕ್ರಮದ ಹಳೆಯ ಧ್ವನಿಮುದ್ರಣಗಳನ್ನು ಆರಿಸಿದೆ. ಸುಮಾರು 1500 ಪದಗಳ ಮಿತಿಯೊಳಗೆ, ಚಿಕ್ಕ ವಾಕ್ಯಗಳಲ್ಲಿ, ಸಾಮಾನ್ಯ ಓದಿನ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಅದನ್ನು ಓದುತ್ತಿದ್ದರು. ಇಬ್ಬರಿಗೂ ತಿಳಿಯಿತು, ಸಂತೋಷವೂ ಆಯಿತು. ಆದರೆ 'ಟೈ' ಇದ್ದಲ್ಲಿಯೇ ಇತ್ತು. ಸ್ವಯಂಸೇವಕರು ಹಳೆಯ ಗ್ರಂಥಗಳನ್ನು ಓದಿ ಉಚಿತವಾಗಿ ನೀಡುವ, 2005ರಲ್ಲಿ ಹುಟ್ಟಿದ ಲಿಬ್ರಿವಾಕ್ಸ್ ಬಗ್ಗೆ ನನಗೆ ಬಹಳ ಪ್ರೀತಿ. ಆ ಗ್ರಾಂಥಿಕ ಭಾಷೆಯಿಂದ ಇಬ್ಬರು ಅಜ್ಜಿಯರ ಅಡಿಗೆಮನೆಗೆ ಏನು ಉಪಯೋಗ? ನನ್ನ ರುಚಿಗಾಗಿ ಆರಿಸುತ್ತಿದ್ದೇನೆಂದು ತಿಳಿದು ಕೈಬಿಟ್ಟೆ.

ಆಮೇಲೆ ಹೊಳೆಯಿತು. ಪಾಠವನ್ನು ಆರಿಸುವ ಮೊದಲು ನಾನು ಕಿವಿಗಳನ್ನು ಪರೀಕ್ಷಿಸಬೇಕಾಗಿತ್ತು.

ಪಾಠಶಾಲೆಯಲ್ಲಿ ನಮಗೆ ಮೊದಲು ಕಲಿಸಿದ್ದು ವರ್ಗಾಕ್ಷರಗಳ ಭೇದ. ಪ, ಫ, ಬ, ಭ ಈ ನಾಲ್ಕರಲ್ಲಿ ಅಘೋಷ ಯಾವುದು, ಘೋಷ ಯಾವುದು, ಅಲ್ಪಪ್ರಾಣ ಮಹಾಪ್ರಾಣಗಳಾವುವು ಎಂದು ಗುರುಗಳು ಬಾಯಿಯ ಮುಂದೆ ಅಂಗೈ ಹಿಡಿಸಿ ಹೇಳಿಸುತ್ತಿದ್ದರು. ಉಸಿರು ಅಂಗೈಗೆ ತಾಗಿದರೆ ಮಹಾಪ್ರಾಣ. ನಾಲ್ಕರಲ್ಲಿ ಮ್ಯಾಂಡರಿನ್ ಭಾಷೆಗೆ ಇರುವವು ಎರಡೇ, ಮತ್ತು ಎರಡೂ ಅಘೋಷ: ಉಸಿರಿಲ್ಲದ ಪಕಾರ, ಉಸಿರುಳ್ಳ ಪಕಾರ. ನಮ್ಮಂಥ ಬಕಾರ ಅಲ್ಲಿಲ್ಲ. ನಾವು ಬೀಜಿಂಗ್ ಎಂದು ಬರೆಯುವ ಊರಿನ ಮೊದಲಕ್ಷರವೂ ಅವರ ಬಾಯಲ್ಲಿ ನಮ್ಮ ಪಕಾರಕ್ಕೇ ಹತ್ತಿರ. ಟಕಾರ, ಕಕಾರಗಳಿಗೂ ಇದೇ ನ್ಯಾಯ. ಇಂಗ್ಲಿಷರೋ ಪದದ ಆದಿಯಲ್ಲಿ ಪ, ಟ, ಕಗಳನ್ನು ಉಸಿರು ಕೂಡಿಸಿಯೇ ನುಡಿಯುತ್ತಾರೆ. ಅವರ 'ಟೀ' ನಮ್ಮ ಕಿವಿಗಿಟ್ಟು ಕೇಳಿದರೆ ಬಹುಮಟ್ಟಿಗೆ 'ಠೀ'. ನಾವು ಕನ್ನಡಿಗರು ಬರವಣಿಗೆಯಲ್ಲಿ ಮಹಾಪ್ರಾಣವನ್ನು ಜೋಪಾನವಾಗಿ ಕಾಪಾಡಿ ಮಾತಿನಲ್ಲಿ ಸಲೀಸಾಗಿ ಬಿಟ್ಟುಬಿಡುವವರು. ಉಸಿರಿಲ್ಲದ ನಮ್ಮ 'ಟೈ' ಚೀನೀ ಕಿವಿಗೆ 'ಡೈ' ಆಗುತ್ತದೆ. ಘೋಷವಿಲ್ಲದ ಅವರ 'ಡೈ' ನಮ್ಮ ಕಿವಿಗೆ 'ಟೈ' ಆಗುತ್ತದೆ. ತಂಗಿಯೂ ಬೀಗತಿಯೂ ತಮ್ಮ ತಮ್ಮ ಭಾಷೆಯ ಮಟ್ಟಿಗೆ ಶುದ್ಧವಾಗಿಯೇ ನುಡಿದಿದ್ದರು.

ಆದ್ದರಿಂದ ಒಂದೇ ಪಾಠ ಇಬ್ಬರಿಗೂ ಸಲ್ಲದು. ತಂಗಿಗೆ ಬೇಕಾದದ್ದು ಪದದ ಆರಂಭದ ಅಭ್ಯಾಸ: 'ಪೆನ್'ಗೂ 'ಬೆನ್'ಗೂ, 'ಟೈ'ಗೂ 'ಡೈ'ಗೂ ಇರುವ ಅಂತರವನ್ನು ಜೋಡಿಜೋಡಿಯಾಗಿ ನುಡಿದು, ಮರುನುಡಿಯಲು ಬಿಡುವು ಕೊಡುವ ಧ್ವನಿಮುದ್ರಣ. ಬೀಗತಿಗೆ ಆರಂಭದ ತೊಂದರೆ ಕಡಿಮೆ, ತೊಡಕಿರುವುದು ಪದದ ಕೊನೆಯಲ್ಲಿ. ಅವರ ಭಾಷೆಯ ಉಚ್ಚಾರಗಳು ಸ್ವರದಿಂದ, ಇಲ್ಲವೆ ನ್, ಙ್ ಇವುಗಳಿಂದ, ಕ್ವಚಿತ್ತಾಗಿ ರಕಾರದಿಂದ ಮುಗಿಯುತ್ತವೆ. 'ಕ್ಯಾಪ್', 'ಕ್ಯಾಬ್' ಎರಡರ ಬಾಲವೂ ಅವರ ಬಾಯಲ್ಲಿ ನುಂಗಿಹೋಗುತ್ತದೆ. ನಾವು ಬಸ್ಸು, ಕಾರು, ಬ್ಯಾಂಕು ಎಂದು ಉಕಾರ ಹಚ್ಚಿ ಪಾರಾಗುತ್ತೇವೆ, ಅವರಿಗೆ ಆ ಊರುಗೋಲೂ ಇಲ್ಲ. ಅದಲ್ಲದೆ ಅವರ ಮಾತಿನಲ್ಲಿ ಅವನು, ಅವಳು ಎರಡಕ್ಕೂ 'ಥಾ' ಎಂಬ ಒಂದೇ ನುಡಿ. ಬರಹದಲ್ಲಿ ಮಾತ್ರ ಭೇದ. ಆದಕಾರಣ ಗಂಡೂ ಹೆಣ್ಣೂ ಅಕ್ಕಪಕ್ಕ ಬರುವ ಸಣ್ಣ ಕಥೆಗಳನ್ನು ಅವರಿಗೆಂದು ಆರಿಸಿದೆ. ಎಲ್ಲಕ್ಕೂ ಅಚ್ಚಿನ ಪಾಠ ಜೊತೆಗಿರಬೇಕು, ಎರಡು ನಿಮಿಷ ಮೀರಬಾರದು, ಪದಪದ ಕತ್ತರಿಸಿ ಓದಿರಬಾರದು ಎಂದು ಅಳಿಯನಿಗೆ ಕಟ್ಟುಮಾಡಿದೆ.

ಈ ನಡುವೆ ಅವನು ಹಣ ತೆತ್ತು ಉಚ್ಚಾರ ತಿದ್ದುವ ಒಂದು ಆ್ಯಪ್ ತಂದನು. ತಂಗಿ ಅದರ ಮುಂದೆ ತನ್ನ ಹಳೆಯ 'ಟೈ'ಯನ್ನೇ ನುಡಿದಳು. ಅದು ಹಸಿರು ಗುರುತು ತೋರಿಸಿ ಶಹಬಾಸ್ ಹೇಳಿತು. ಭಾರತೀಯರ ಧ್ವನಿ ಅದಕ್ಕೆ ರೂಢಿಯಿದ್ದಿರಬಹುದು. ಯಂತ್ರಕ್ಕೆ ಅವಳ ಮಾತು ತಿಳಿಯಿತು ನಿಜ, ತಿಳಿಯಬೇಕಾದದ್ದು ಬೀಗತಿಗೆ.

ಇದರಿಂದ ನಾನು ಮಠದ ಹಳೆಯ ಕ್ರಮಕ್ಕೆ ಬಂದೆ. ಗುರು ನುಡಿಯುವುದು, ಶಿಷ್ಯ ಮರುನುಡಿಯುವುದು, ಗುರು ಕೇಳಿ ತಿದ್ದುವುದು. ಇಲ್ಲಿ ಒಬ್ಬರಿಗೊಬ್ಬರು ಗುರುಗಳು. ಪ್ರತಿದಿನ ಪಾಠ ಕೇಳಿದ ಮೇಲೆ ತಂಗಿ ಹತ್ತು ಪದಗಳನ್ನು ಅಳಿಯನ ಫೋನಿನಲ್ಲಿ ಮುದ್ರಿಸಬೇಕು; ಬೀಗತಿ ಅದನ್ನು ಕೇಳಿ ಚಿತ್ರ ತೋರಿಸಬೇಕು. ಮರುದಿನ ಸರದಿ ಅದಲುಬದಲು. ಎದುರುಬದುರು ಕೂಡಲು ತಂಗಿಗೆ ಇನ್ನೂ ಸಂಕೋಚವಿದ್ದುದರಿಂದ ಈ ಧ್ವನಿಮುದ್ರಣದ ಮರೆ ಬಹಳ ಅನುಕೂಲವಾಯಿತು. ಮೊದಲ ದಿನ ಹತ್ತರಲ್ಲಿ ನಾಲ್ಕು ಸರಿಯಾದವು. ಅಂಗೈ ಹಿಡಿದು ನುಡಿಯುವ ಉಪಾಯವನ್ನು ನಾನು ಫೋನಿನಲ್ಲಿ ಹೇಳಿಕೊಟ್ಟೆ. ಹನ್ನೆರಡನೆಯ ದಿನದ ಮುದ್ರಣವನ್ನು ಅಳಿಯ ನನಗೂ ಕಳಿಸಿದ. ತಂಗಿ ದೀಪ ಆರಿಸುವಷ್ಟು ಉಸಿರು ಬಿಟ್ಟು 'ಠೈ' ಎಂದಿದ್ದಳು. ಹಿಂದಿನಿಂದ ಬೀಗತಿಯ ನಗೆಯೂ ಕೇಳಿಸುತ್ತಿತ್ತು. ಮರೆಯಲ್ಲಿ ಕೂಡ್ರುವುದನ್ನು ಅವರಾಗಲೇ ಬಿಟ್ಟಿದ್ದರೆಂದು ನನಗೆ ತಿಳಿದದ್ದು ಹೀಗೆ.

ತಂಗಿ ಹೊರಡುವ ಮೊದಲಿನ ಸೋಮವಾರ ಲಿಂಗಧಾರಣೆಯಾಯಿತು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರು ಬೀಗತಿಯೇ. ಲಿಂಗ ಎಂಬ ಮಾತು ಅವರಿಗೆ ಸುಲಭವಾಗಿ ಬಂದಿತು. ಗಂಟೆಗೆ ಅವರಲ್ಲಿ 'ಲಿಂಗ್' ಎನ್ನುತ್ತಾರಂತೆ, ರಾಗವೊಂದೇ ಬೇರೆ. ಎಳೆಗೂಸಿನ ಕೊರಳಲ್ಲಿ ದಾರ ಬಿಡುವುದು ಅಪಾಯವೆಂದು ಅವರು ಮೆಲ್ಲಗೆ ಹೇಳಿದರು. ಮಾತು ಸರಿಯಾಗಿತ್ತು. ಕಾರ್ಯ ಮುಗಿದ ಮೇಲೆ ದಾರ ಬಿಚ್ಚಿ, ಲಿಂಗವನ್ನು ದೇವರ ಜಗಲಿಯಲ್ಲಿ ಇರಿಸಿದರು.

ತಂಗಿ ಈಗ ಹುಬ್ಬಳ್ಳಿಯಲ್ಲಿದ್ದಾಳೆ, ಬೀಗತಿ ತಮ್ಮ ದೇಶಕ್ಕೆ ಮರಳಿದ್ದಾರೆ. ವಾರಕ್ಕೆರಡು ಸಲ ಅಳಿಯನ ಮೂಲಕ ಧ್ವನಿಪತ್ರಗಳು ಹೋಗಿ ಬರುತ್ತಿವೆ. ಹೋದ ವಾರದ ಪತ್ರದಲ್ಲಿ ಬೀಗತಿ ಮೊಮ್ಮಗಳಿಗೆ ಹಲ್ಲು ಬಂದ ಸಂಗತಿ ತಿಳಿಸುತ್ತ ಮತ್ತೆ 'ಹೀ' ಎಂದಿದ್ದರು. ನಾನು ಅಲ್ಲಿಯೇ ಕುಳಿತಿದ್ದೆ. ತಂಗಿ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಹೀ ನೋ, ಶೀ! ನಮ್ಮ ಹುಡುಗಿ, ಶೀ" ಎಂದು ಎರಡು ಸಲ ಹೇಳಿ, ಉತ್ತರಕ್ಕೆ ಕಾಯುತ್ತ ಚಹಾಕ್ಕೆ ಇಟ್ಟಳು.