ಇಪ್ಪತ್ನಾಲ್ಕು ಲಕ್ಷದ ಮನೆ

ಊರಿನ ಮನೆ ಮಾರಾಟಕ್ಕಿಟ್ಟದ್ದು 2023ರ ಜೂನ್‌ನಲ್ಲಿ. ಹೇಳಿದ ಬೆಲೆ 24 ಲಕ್ಷ. ಹದಿನಾಲ್ಕು ತಿಂಗಳಾದರೂ ಮನೆ ಹೋಗಲಿಲ್ಲ. ವಾರಕ್ಕೊಮ್ಮೆ ಬೆಂಗಳೂರಿನ ಆಫೀಸಿನಿಂದ ಏಜೆಂಟನಿಗೆ ನಾನು ಫೋನ್ ಹಚ್ಚೋದು, ಆತ "ನೋಡೂಣ್ರಿ ಸರ, ಬರ್ತಾರ" ಅನ್ನೋದು. ಇದೇ ಒಂದು ರೂಢಿ ಆಗಿಹೋಗಿತ್ತು. ಇಂಥದೊಂದು ಬೀಗ ಹಾಕಿದ ಮನೆ ನಿಮ್ಮೂರಲ್ಲೂ ಇರಬಹುದು. ಅದಕ್ಕೇ ಇದನ್ನು ಬರೀತಿದ್ದೀನಿ.

ನಮ್ಮೂರು ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣಾ ನದಿ ದಂಡೆಗಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಎರಡು ವರ್ಷ ಆ ಮನೇಲಿ ಒಬ್ಬಳೇ ಇದ್ದಳು. ಮೊಣಕಾಲು ನೋವು ಜಾಸ್ತಿಯಾಗಿ ನನ್ನ ಹತ್ರ ಬಂದಳು. ಮನೆಗೆ ವಾರಸುದಾರರು ಮೂರು ಜನ: ಅವ್ವ, ಅಕ್ಕ, ನಾನು. ಅಕ್ಕ ಇರೋದು ಅಥಣಿಯಲ್ಲಿ. ಭಾವ ಚಪ್ಪಲಿ ಮಾಲು ಸಾಗಿಸೋ ಟೆಂಪೊ ಓಡಿಸ್ತಾರೆ. ಮಾರಿ ಮೂರು ಪಾಲು ಮಾಡೋಣ ಅಂತ ನಾನೇ ಹೇಳಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಪಾಲು ಕೇಳೋದಿಲ್ಲ, ಕೇಳಿದರೆ ತವರಿನ ಬಾಗಿಲು ಮುಚ್ಚುತ್ತೆ ಅನ್ನೋ ಭಯ. ಕೇಳದೇ ಕೊಟ್ಟೆ ಅಂತ ಆಗ ನನಗೆ ಒಳಗೊಳಗೇ ಹೆಮ್ಮೆ. ಕಾನೂನಿನ ಪ್ರಕಾರ ಅದು ಅವಳದೇ ಪಾಲು, ನಾನು ಕೊಡೋದು ಏನೂ ಇರಲಿಲ್ಲ ಅನ್ನೋದು ಬೇರೆ ಮಾತು.

24 ಲಕ್ಷ ಎಲ್ಲಿಂದ ಬಂತು? ಒಂದು ಎಕ್ಸೆಲ್ ಶೀಟಿನಿಂದ. ಎರಡೂವರೆ ಗುಂಟೆ ಜಾಗಕ್ಕೆ ಚಿಕ್ಕೋಡಿ ಪ್ಯಾಟಿಯಲ್ಲಿ ಪರಿಚಯದವರೊಬ್ಬರು ಪ್ಲಾಟು ಮಾರಿದ ದರ ಹಾಕಿದೆ. 2008ರಲ್ಲಿ ಅಪ್ಪ ಹಾಕಿಸಿದ ಸ್ಲ್ಯಾಬಿಗೆ ನಾಲ್ಕು ಲಕ್ಷ. ಪಡಸಾಲೆಯ ಸಾಗವಾನಿ ಕಂಬಗಳಿಗೆ ಒಂದಿಷ್ಟು. 2019ರ ಮಹಾಪೂರ ಇಳಿದ ಮೇಲೆ ರಿಪೇರಿಗೆ ಹಾಕಿದ ಮೂರೂವರೆ ಲಕ್ಷವನ್ನೂ ಕೂಡಿಸಿದೆ. ಅಂದರೆ ನೀರು ಹೊಕ್ಕಿದ್ದಕ್ಕೆ ಮನೆಯ ಬೆಲೆ ಏರಿತು! ಕೋಡ್ ರಿವ್ಯೂನಲ್ಲಿ ಜೂನಿಯರ್ ಒಬ್ಬ ಇಂಥ ಲಾಜಿಕ್ ಬರೆದಿದ್ದರೆ ನಾನೇ ವಾಪಸ್ ಕಳಿಸ್ತಿದ್ದೆ.

2019ರ ಆಗಸ್ಟ್ ಆ ಕಡೆಯವರು ಯಾರೂ ಮರೆಯೋದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಹವಾಮಾನಕ್ಕಿಂತ ಮೊದಲು ಕ್ಯೂಸೆಕ್ ಲೆಕ್ಕ ನೋಡ್ತಾರೆ. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಬಿಟ್ಟರು, ದೂಧಗಂಗೆಯಿಂದ ಎಷ್ಟು ಬಂತು, ಎರಡೂ ಕೂಡಿ ಕಲ್ಲೋಳದ ಹತ್ರ ಕೃಷ್ಣೆಗೆ ಎಷ್ಟಾಯ್ತು. ಕೊಯ್ನಾ ಕಡೆ ಮಳೆ ಹಿಡಿದರೆ ನಮ್ಮೂರಲ್ಲಿ ಬಿಸಿಲಿದ್ದರೂ ದನ ಬಿಚ್ಚಬೇಕು. ಆ ವರ್ಷ ನೀರು ನಮ್ಮ ಪಡಸಾಲೆಯಲ್ಲಿ ನನ್ನ ಎದೆಮಟ್ಟ ನಿಂತಿತ್ತು. ನೀರು ಇಳಿದ ಮೇಲೆ ಅಪ್ಪ ಗೋಡೆಯ ಮೇಲೆ ಆಯಿಲ್ ಪೇಂಟಿನಲ್ಲಿ ಒಂದು ಗೆರೆ ಎಳೆದು ಇಸವಿ ಬರೆದರು. 2005ರ ಗೆರೆ ಅದಕ್ಕಿಂತ ಕೆಳಗೆ ಮೊದಲೇ ಇತ್ತು.

ಮಾರಾಟಕ್ಕಿಡುವಾಗ ಏಜೆಂಟ ಹೇಳಿದ, "ಸರ, ಗ್ವಾಡಿಗೆ ಬಣ್ಣಾ ಹೊಡಸ್ರಿ. ಆ ಗೆರಿ ಯಾಕ ಬೇಕ?" ಅವ್ವನಿಗೆ ಹೇಳದೇ ಹೊಡೆಸಿದೆ. ಎರಡು ಕೋಟಿಂಗ್ ತಿಳಿ ಹಳದಿ ಡಿಸ್ಟೆಂಪರ್.

ಇನ್ನೊಂದು ತಪ್ಪು, ಜೂನ್‌ನಲ್ಲಿ ಮಾರಾಟಕ್ಕಿಟ್ಟದ್ದು. ಜೂನ್‌ನಲ್ಲಿ ನಮ್ಮ ಕಡೆ ಯಾರ ಕೈಯಲ್ಲೂ ದುಡ್ಡಿರೋದಿಲ್ಲ. ಬೀಜ, ಗೊಬ್ಬರ, ಸಾಲಿ ಫೀ ಅಂತ ಖಾಲಿಯಾಗಿರುತ್ತೆ. ಆಮೇಲೆ ಆಷಾಢ, ಆಮೇಲೆ ಹೊಳಿ ಕಡೆ ಕಣ್ಣು. ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಸುರುವಾಗಿ, ಕಬ್ಬಿನ ಬಿಲ್ಲು ಬಂದ ಮೇಲೇ ಜನ ಮನೆ, ಜಾಗ, ಮದುವೆ ಅಂತ ಮಾತಾಡೋದು. ಚಿಂಚಲಿ ಮಾಯಕ್ಕನ ಜಾತ್ರೆಯ ಆಸುಪಾಸಿನ ತಿಂಗಳುಗಳಲ್ಲಿ ಎಷ್ಟೋ ವ್ಯವಹಾರ ಮುಗಿದಿರುತ್ತವೆ. ಇದೆಲ್ಲ ಗೊತ್ತಿದ್ದವನೇ ನಾನು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಮರೆತಿದ್ದೆ.

ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಜನ ಬಂದು ನೋಡಿದರು. ಇಬ್ಬರು ಬೆಲೆ ಕೇಳಿದರು. ಒಬ್ಬರು 15 ಅಂದರು, ಇನ್ನೊಬ್ಬರು 16. ಎರಡು ಸಲವೂ ನನಗೆ ಸಿಟ್ಟು ಬಂತು. ಅಪ್ಪನ ಮನೆಗೆ ಇಷ್ಟೇನಾ ಕಿಮ್ಮತ್ತು ಅಂತ. ನೋಡಿ, ನಮ್ಮ ಮಾತಿನಲ್ಲಿ ಕಿಮ್ಮತ್ತು ಅಂದರೆ ಬೆಲೆಯೂ ಹೌದು, ಮರ್ಯಾದೆಯೂ ಹೌದು. ಅಲ್ಲೇ ನಾನು ಸಿಕ್ಕಿಬಿದ್ದದ್ದು.

ಹೀಗೆ ಸಿಕ್ಕಿಬೀಳೋರು ನಾವಷ್ಟೇ ಅಲ್ಲ. ಡೇವಿಡ್ ಜೆನೆಸೊವ್ ಮತ್ತು ಕ್ರಿಸ್ಟೊಫರ್ ಮೇಯರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಬೋಸ್ಟನ್ ನಗರದ ಫ್ಲ್ಯಾಟುಗಳ ಮಾರಾಟದ ಲೆಕ್ಕ ತೆಗೆದು 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಾರುಕಟ್ಟೆ ಬಿದ್ದಾಗ, ತಾವು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚು ಬೆಲೆ ಹೇಳ್ತಾರೆ, ಅವರ ಮನೆಗಳು ಹೆಚ್ಚು ಕಾಲ ಹೋಗದೇ ಉಳಿಯುತ್ತವೆ ಅನ್ನೋದು ಅದರ ಸಾರ. ಕೊಳ್ಳೋನಿಗೆ ನೀವು ಹಿಂದೆ ಎಷ್ಟು ಹಾಕಿದ್ದೀರಿ ಅನ್ನೋದು ಬೇಕಾಗಿಲ್ಲ. ಆತ ನೋಡೋದು ಮುಂದೆ ತಾನು ಹೇಗೆ ಇರ್ತೀನಿ ಅನ್ನೋದನ್ನ.

16 ಲಕ್ಷ ಕೇಳಿದವರು ಪಕ್ಕದ ಊರಿನವರೇ. ಕಾಗಲ್ ಕಡೆ ಫ್ಯಾಕ್ಟರಿ ಕೆಲಸ, ಮನೇಲಿ ಎರಡು ಎಮ್ಮೆ. ಅವರು ಬಂದದ್ದು 2024ರ ಆಗಸ್ಟ್‌ನಲ್ಲಿ. ಜುಲೈ ಕೊನೆಗೆ ಹೊಳೆ ಏರಿ ಕಲ್ಲೋಳ–ಯಡೂರ ಸೇತುವೆ ಮತ್ತೆ ಮುಳುಗಿತ್ತು. ನಮ್ಮ ಮನೆಗೆ ನೀರು ಬಂದಿರಲಿಲ್ಲ, ಆದರೆ ಗೋಡೆ ತಂಪು ಹಿಡಿದಿತ್ತು. ನಾನು ಆವತ್ತು ಊರಲ್ಲೇ ಇದ್ದೆ. ಅವರು ಪಡಸಾಲೆಯಲ್ಲಿ ನಿಂತು ಗೋಡೆ ಮೇಲೆ ಹೆಬ್ಬೆರಳು ಒತ್ತಿದರು. ಹಳದಿ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಅಪ್ಪನ ಗೆರೆ.

"ಇಲ್ಲೀತನಾ ಬಂದಿತ್ತಲ್ರಿ?" ಅಂದರು.

ನಾನು ಹೂಂ ಅಂದೆ.

"ನಮಗ ಗೊತ್ತೈತ್ರಿ. ಆವಾಗ ನಿಮ್ಮ ತಂದಿಯವರನ್ನ ಬೋಟಿನ್ಯಾಗ ಕೂಡಿಸಿದವರಾಗ ನಮ್ಮ ತಮ್ಮನೂ ಇದ್ದ."

ಯಾರಿಂದ ಮುಚ್ಚಿಟ್ಟಿದ್ದೆ ನಾನು? ಇಡೀ ಸೀಮೆಗೆ ಗೊತ್ತಿರೋ ನೀರನ್ನು ನನ್ನ ಎಕ್ಸೆಲ್ ಶೀಟಿನಿಂದ ಮಾತ್ರ ಮುಚ್ಚಿಟ್ಟಿದ್ದೆ.

ಆ ರಾತ್ರಿ ಅಥಣಿಗೆ ಹೋದೆ. ಅಕ್ಕ ಜೋಳದ ರೊಟ್ಟಿ ಬಡೀತಾ ಕೂತಿದ್ದಳು. 16ಕ್ಕೆ ಕೇಳಿದರು, ನಾನು ಒಲ್ಲೆ ಅಂದೆ, ಇನ್ನೊಂದು ವರ್ಷ ತಡೆಯೋಣ ಅಂದೆ. ಸ್ವಲ್ಪ ಹೊತ್ತು ಬರೀ ರೊಟ್ಟಿ ಬಡಿಯೋ ಸಪ್ಪಳ.

"ನೀ ತಡೀತಿ," ಅಂದಳು. "ನಿನಗ ಪಗಾರ ಬರ್ತೇತಿ. ನಾ ತಿಂಗಳಾ ಆರೂವರೆ ಸಾವಿರ ಬಾಡಗಿ ಕಟ್ಟಾಕತ್ತೇನಿ."

ಅವರು ಅಥಣಿಯಲ್ಲಿ ಒಂದು ಸಣ್ಣ ಜಾಗ ತಗೊಂಡು ಪಾಯ ಹಾಕಿ ನಿಲ್ಲಿಸಿದ್ದು ನನಗೆ ಗೊತ್ತಿತ್ತು. ನಿಂತದ್ದು ಯಾಕೆ ಅಂತ ಕೇಳಿರಲಿಲ್ಲ. ನನ್ನ 24 ಲಕ್ಷವನ್ನು ನಂಬಿ, ಪಾಲಿಗೆ ಎಂಟು ಬರುತ್ತೆ ಅಂತ ಅವರು ಪಾಯ ಹಾಕಿದ್ದರು. ಆರೂವರೆ ಸಾವಿರದಂತೆ ಹದಿನಾಲ್ಕು ತಿಂಗಳಿಗೆ 91 ಸಾವಿರ ಬಾಡಿಗೆ ಹೋಗಿತ್ತು. ಅಪ್ಪನ ಮನೆಯ ಮರ್ಯಾದೆ ಕಾಯ್ತಿದ್ದೀನಿ ಅಂತ ನಾನು ತಿಳಿದಿದ್ದೆ. ಅದರ ಖರ್ಚು ಕೊಡ್ತಿದ್ದದ್ದು ಅವಳು. ಬೆಲೆ ಇಳಿಸದೇ ಇದ್ದದ್ದು ಮಾರೋ ಉಪಾಯವೇ ಆಗಿರಲಿಲ್ಲ, ಮಾರದೇ ಇರೋ ಉಪಾಯ. ಕೀಲಿ ನನ್ನ ಜೇಬಲ್ಲೇ ಇರಲಿ ಅನ್ನೋ ಆಸೆಗೆ ನಾನಿಟ್ಟ ಹೆಸರು 24 ಲಕ್ಷ.

"ಅಪ್ಪ ಗೆರಿ ಯಾಕ ಹೊಡದಿದ್ದ, ಗೊತ್ತೈತೇನ?" ಅಕ್ಕ ಕೇಳಿದಳು. "ಮುಂದ ಇರಾವ್ರಿಗೆ ಗೊತ್ತಿರಲಿ, ಕಾಳಿನ ಚೀಲ ಇದರ ಮ್ಯಾಲ ಇಡಲಿ ಅಂತ."

ಮರುದಿನ ಹೊಸ ಲೆಕ್ಕ ಹಾಕಿದೆ, ಈ ಸಲ ಹಾಳೆ ಮೇಲೆ. ಇಬ್ಬರು ಅಪರಿಚಿತರು ಒಂದೇ ಆಸುಪಾಸಿನ ಬೆಲೆ ಹೇಳಿದ್ದಾರೆ ಅಂದರೆ ಅದೇ ಊರಿನ ದರ. 16 ಲಕ್ಷವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 1 ಲಕ್ಷ 12 ಸಾವಿರ ಬಡ್ಡಿ. ಅದರ ಮೇಲೆ ಪಂಚಾಯಿತಿ ಕರ, ಕಸ ಹೊಡೆಯೋರ ಕೂಲಿ, ನಾನು ಓಡಾಡೋ ಖರ್ಚು. ಜನ ಇಲ್ಲದ ಮನೆಗೆ ಗೆದ್ದಲು ಬೇರೆ. ಇನ್ನೊಂದು ವರ್ಷ ತಡೆದು ಒಂದು ಲಕ್ಷ ಹೆಚ್ಚು ತಗೊಂಡರೂ ನಷ್ಟವೇ.

ಬೆಲೆ ಇಳಿಸೋಕೆ ಮೊದಲು ಕಾಗದ ಸರಿ ಮಾಡಿಸಿದೆ. ಉತಾರ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ವಾರಸಾ ಮಾಡಿಸಿ, ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ತಗೊಳ್ಳೋಕೆ ಮೂರು ಸಲ ಊರಿಗೆ ಹೋಗಬೇಕಾಯ್ತು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಆ ಕಾಗದ ಇಲ್ಲದೇ ನೋಂದಣಿ ಆಗೋದಿಲ್ಲ, ಬ್ಯಾಂಕು ಸಾಲ ಕೊಡೋದಿಲ್ಲ. ಒಂಬತ್ತು ಜನರಲ್ಲಿ ಎಷ್ಟು ಜನ ಬೆಲೆಗೆ ಹೆದರಿದರೋ, ಎಷ್ಟು ಜನ ಕಾಗದಕ್ಕೆ ಹೆದರಿದರೋ.

ಆಮೇಲೆ ಒಂದೇ ಸಲ ಇಳಿಸಿದೆ. ದೀಪಾವಳಿ ಮುಗಿದ ಮೇಲೆ, 18 ಲಕ್ಷಕ್ಕೆ. ತಿಂಗಳಿಗೆ ಐವತ್ತು ಸಾವಿರದಂತೆ ಇಳಿಸಿದರೆ ಜನ ಮುಂದಿನ ತಿಂಗಳಿಗೆ ಕಾಯ್ತಾರೆ, ಇವರಿಗೇನೋ ಅಡಚಣೆ ಅಂತ ಮಾತಾಡ್ತಾರೆ. ಏಜೆಂಟನಿಗೆ ಇನ್ನೊಂದು ಮಾತು ಹೇಳಿದೆ: ಬಂದವರಿಗೆ ಮೊದಲು ನೀರಿನ ಗೆರೆ ತೋರಿಸು, ಆಮೇಲೆ ಕಂಬ ತೋರಿಸು.

ಎರಡು ತಿಂಗಳಲ್ಲಿ ಐದು ಜನ ಬಂದರು. ಕಡೆಗೆ ತಗೊಂಡದ್ದು ಅದೇ ಹೆಬ್ಬೆರಳಿನವರು, 17 ಲಕ್ಷ 25 ಸಾವಿರಕ್ಕೆ. ಆಗಸ್ಟ್‌ನಲ್ಲಿ ಅವರಿಗಿದ್ದ ತೊಂದರೆ ಬ್ಯಾಂಕಿನದೇ ಆಗಿತ್ತಂತೆ. ಕಾಗದ ಸರಿ ಇದ್ದದ್ದಕ್ಕೆ ಸಾಲ ಸಿಕ್ಕಿತು, ಮೇಲೆ ಒಂದೂಕಾಲು ಲಕ್ಷ ಏರಿಸಿದರು. ಅಕ್ಕನ ಪಾಲಿಗೆ 5 ಲಕ್ಷ 75 ಸಾವಿರ. ಎಂಟು ಅಲ್ಲ. ಪಾಯದ ಮೇಲೆ ಮೂರರ ಬದಲು ಎರಡು ಕೋಣೆ ಎದ್ದವು. ಅವ್ವ ತನ್ನ ಪಾಲು ಯಾರಿಗೂ ಕೊಡಲಿಲ್ಲ, ತನ್ನ ಹೆಸರಲ್ಲೇ ಠೇವಣಿ ಇಡಿಸಿದಳು. ನನಗೆ ಅದು ಸರಿ ಕಂಡಿತು.

ಸಹಿ ಹಾಕೋಕೆ ಅವ್ವನನ್ನು ರೈಲಿನಲ್ಲಿ ಕರಕೊಂಡು ಹೋದೆ. ಕೀಲಿ ಕೊಡುವಾಗ ಅಳ್ತಾಳೆ ಅಂದುಕೊಂಡಿದ್ದೆ. ಅವಳು ಆ ಮನೆಯವರ ಹೆಂಡತಿಯ ಕೈ ಹಿಡಿದು ಹಿತ್ತಲಿಗೆ ಕರಕೊಂಡು ಹೋದಳು. "ನೀರ ಮುಂದಿನ ಬಾಗಲದಿಂದ ಬರೂದಿಲ್ಲವಾ. ಈ ಬಚ್ಚಲ ಮೋರಿಯಿಂದ ಬರ್ತೇತಿ ಮದಲ. ಮೋರಿ ಗುಳುಗುಳು ಅಂತಂದ್ರ ಎಮ್ಮಿ ಬಿಚ್ಚಬೇಕ, ಮತ್ತ ಯಾರ ಮಾತೂ ಕೇಳಬ್ಯಾಡ್ರಿ."

ಈಗಲೂ ಮಳೆಗಾಲ ಬಂದರೆ ಆಫೀಸಿನಲ್ಲಿ ಮೀಟಿಂಗ್ ನಡುವೆ ರಾಜಾಪುರದ ಕ್ಯೂಸೆಕ್ ನೋಡ್ತೀನಿ. ಜಾಸ್ತಿ ಇದ್ದರೆ ಅವರಿಗೊಂದು ಮೆಸೇಜ್ ಹಾಕ್ತೀನಿ. "ನೋಡೇನ್ರಿ, ಎಮ್ಮಿ ಆಗಲೇ ಮ್ಯಾಲ ಒಯ್ದೇವಿ" ಅಂತ ಉತ್ತರ ಬರುತ್ತೆ.